ಎಂಟನೇ ಪೆಟ್ಟಿಗೆ

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಯಾವ ಶನಿವಾರ ಬೆಳಿಗ್ಗೆ ನನ್ನ ಕಾರಿನ ಡಿಕ್ಕಿ ತೆಗೆದು ನೋಡಿದರೂ ನಾನು ನಲ್ಲಿ ರಿಪೇರಿಯವಳು ಅನ್ನಿಸೀತು. ಒಂದು ಸ್ಕ್ರೂಡ್ರೈವರ್, ಉದ್ದ ಹಿಡಿಕೆಯ ಪುಟ್ಟ ಕನ್ನಡಿ (ಹಲ್ಲಿನ ಡಾಕ್ಟರ ಹತ್ತಿರ ಇರುತ್ತಲ್ಲ, ಅದರ ಅಣ್ಣ), ಗೋಡೆ ಕೆರೆಯುವ ತಗಡು, ಗ್ಲೌಸು, ಕಸದ ಚೀಲ, ಮೂಲೆಗಳೆಲ್ಲ ಮಡಿಸಿಹೋದ ನೋಟ್‌ಬುಕ್ಕು. ಮೇರಿಲ್ಯಾಂಡ್‌ನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದೂರಕ್ಕೆ ಒಂದು ಪಾರ್ಕ್ ಇದೆ. ಅಲ್ಲಿನ ಹುಲ್ಲುಗಾವಲಿನ ಸುತ್ತ ಕಂಬಗಳ ಮೇಲೆ 14 ಮರದ ಪೆಟ್ಟಿಗೆಗಳಿವೆ. ಎಲ್ಲ ಬ್ಲೂಬರ್ಡ್ ಅನ್ನುವ ಹಕ್ಕಿಗಳು ಗೂಡು ಕಟ್ಟಲೆಂದು ನಿಲ್ಲಿಸಿದ್ದು. ವಾರಕ್ಕೊಮ್ಮೆ ಒಂದೊಂದನ್ನೂ ತೆರೆದು, ಒಳಗೇನಿದೆ ಅಂತ ಬರೆದುಕೊಂಡು ಬರುವುದು ನನ್ನ ಕೆಲಸ. ಸಂಬಳ ಇಲ್ಲ. ಸೊಳ್ಳೆ, ಉಣ್ಣಿ ಧಾರಾಳ.

ಮಗಳು ಕಾಲೇಜಿಗೆ ಹೊರಟುಹೋದ ವರ್ಷ ಶುರುವಾದದ್ದು ಇದು. ಮನೆ ಖಾಲಿ ಅನ್ನಿಸುತ್ತಿತ್ತು ಅಂತ ಬರೆದರೆ ಚೆಂದ, ಆದರೆ ನಿಜ ಹೇಳಬೇಕೆಂದರೆ ಸಕ್ಕರೆ ಕಾಯಿಲೆ ಗಡಿಯಲ್ಲಿದೆ, ನಡೆಯಿರಿ ಅಂತ ಡಾಕ್ಟರು ಹೇಳಿದ್ದರು. ಪಾರ್ಕಿನಲ್ಲಿ ಸುತ್ತು ಹಾಕುವಾಗ ಎಂಬತ್ತರ ಹತ್ತಿರದ ಒಬ್ಬರು ಪೆಟ್ಟಿಗೆಯೊಂದನ್ನು ಮೊದಲು ಬೆರಳಿನಿಂದ ಟಕಟಕ ತಟ್ಟಿ, ಒಂದು ಕ್ಷಣ ಕಾದು, ಆಮೇಲೆ ಅದರ ಪಕ್ಕದ ಹಲಗೆ ತೆರೆಯುವುದನ್ನು ಕಂಡೆ. ಬೇರೆಯವರ ಮನೆಯ ಬಾಗಿಲು ತಟ್ಟಿದಷ್ಟೇ ಮರ್ಯಾದೆಯಿಂದ. ನಿಂತು ನೋಡಿದೆ. ಬಾ ಅಂತ ಕೈ ಮಾಡಿ ಕರೆದರು. ಅವರನ್ನು ನಾನು ಮನಸ್ಸಿನಲ್ಲಿ ಅಜ್ಜ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಕೆಲಸದಲ್ಲಿದ್ದಾಗ ಅಂಚೆ ಹಂಚುತ್ತಿದ್ದವರು. ಈಗಲೂ ಡಬ್ಬಿಯಿಂದ ಡಬ್ಬಿಗೆ ನಡೆಯುವುದೇ ಕೆಲಸ, ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಾರೆ.

ಒಳಗೆ, ಒಣಹುಲ್ಲಿನ ಎಳೆಗಳನ್ನು ನೇಯ್ದು ಮಾಡಿದ ಬಟ್ಟಲಲ್ಲಿ ಐದು ಮೊಟ್ಟೆಗಳಿದ್ದವು. ತಿಳಿ ನೀಲಿ. ಒಂದಕ್ಕೂ ಚುಕ್ಕೆಯಿಲ್ಲ. ಅಮ್ಮ ಬಿಳಿ ಬಟ್ಟೆಗೆ ನೀಲಿ ಹಾಕಿ ಜಾಲಿಸುವಾಗ ಬಕೆಟ್ಟಿನ ನೀರು ಮೊದಲ ಹನಿಗೆ ಒಂದು ಬಣ್ಣಕ್ಕೆ ಬರುತ್ತದಲ್ಲ, ಅದು. ಮೂವತ್ತು ಸೆಕೆಂಡಿನಲ್ಲಿ ಅಜ್ಜ ಹಲಗೆ ಮುಚ್ಚಿಬಿಟ್ಟರು. ಮುಂದಿನ ಶನಿವಾರ ನಾನು ಅವರಿಗಿಂತ ಮುಂಚೆ ಅಲ್ಲಿದ್ದೆ.

ಬ್ಲೂಬರ್ಡ್ ನೋಡದವರಿಗೆ: ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಗಂಡಿಗೆ ಇಂಕಿನ ನೀಲಿಯ ಬೆನ್ನು, ಇಟ್ಟಿಗೆ ಪುಡಿ ಬಣ್ಣದ ಎದೆ, ಬಿಳಿ ಹೊಟ್ಟೆ. ಹೆಣ್ಣು ಅದೇ ಸೀರೆ ಹತ್ತು ಸಲ ಒಗೆದ ಹಾಗೆ. ಹಾಡು ದೊಡ್ಡದಲ್ಲ. ಒಳಗೊಳಗೇ ಗುನುಗಿಕೊಂಡ ಹಾಗಿರುತ್ತದೆ. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕೇಳಿಸುವುದೇ ಇಲ್ಲ. ನಾನು ಪಾರ್ಕಿನಲ್ಲಿ ಫೋನ್ ತೆಗೆಯುವುದನ್ನು ಬಿಟ್ಟದ್ದು ಆ ಕಾರಣಕ್ಕೆ.

ಈ ಹಕ್ಕಿಯ ಕಷ್ಟವೆಲ್ಲ ಅದರ ಕೊಕ್ಕಿನಿಂದ ಬಂದದ್ದು. ಪೊಟರೆಯಲ್ಲೇ ಗೂಡು ಕಟ್ಟಬೇಕು, ಆದರೆ ಪೊಟರೆ ಕೊರೆಯುವ ಶಕ್ತಿ ಕೊಕ್ಕಿಗಿಲ್ಲ. ಮರಕುಟಿಗ ಕೊರೆದು ಬಿಟ್ಟುಹೋದದ್ದು, ಒಣಮರದ ಟೊಳ್ಳು, ಹಳೆಯ ಬೇಲಿಯ ಕೊಳೆತ ಮರದ ಕಂಬ, ಇಂಥವೇ ಗತಿ. ಹೊಲದ ಬೇಲಿಗೆ ಉಕ್ಕಿನ ಕಂಬ ಬಂತು, ಒಣಮರ ಇದ್ದರೆ ಅಪಾಯ ಅಂತ ಕಡಿದು ಹಾಕಿದರು, ಹಳೆಯ ಸೇಬಿನ ತೋಟಗಳು ಹೋದವು. ಉಳಿದ ಪೊಟರೆಗಳಿಗೆ ಪಾಲುದಾರರು ಹಡಗು ಹತ್ತಿ ಬಂದರು. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 60 ಯುರೋಪಿನ ಸ್ಟಾರ್ಲಿಂಗ್‌ಗಳನ್ನು ಹಾರಿಬಿಟ್ಟರು. ನಮ್ಮ ಗೊರವಂಕದ ದಾಯಾದಿಗಳು, ಜಗಳದಲ್ಲೂ ಅಷ್ಟೇ. ಅದಕ್ಕಿಂತ ನಲವತ್ತು ವರ್ಷ ಮುಂಚೆ, 1850ರ ದಶಕದ ಮೊದಲಲ್ಲಿ, ಬ್ರೂಕ್ಲಿನ್‌ನಲ್ಲಿ ಇನ್ನೊಂದು ಹಕ್ಕಿಯನ್ನು ತಂದು ಬಿಟ್ಟಿದ್ದರು. ಮರದ ಹುಳು ತಿನ್ನಲಿ ಅಂತ.

ಆ ಇನ್ನೊಂದು ಹಕ್ಕಿ ನಮ್ಮ ಗುಬ್ಬಚ್ಚಿ.

ಅದನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಗುಬ್ಬಚ್ಚಿ ಯಾರಿಗಾದರೂ ವೈರಿಯಾಗುವುದುಂಟೇ? ಅಜ್ಜ ನಗಲಿಲ್ಲ.

ಪೆಟ್ಟಿಗೆಯ ಬಗ್ಗೆ ಸ್ವಲ್ಪ ಬರೆಯಬೇಕು, ಯಾಕೆಂದರೆ ಎಲ್ಲ ನಿಂತಿರುವುದು ಅದರ ತೂತಿನ ಮೇಲೆ. ತೂತಿನ ಅಡ್ಡಳತೆ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಬ್ಲೂಬರ್ಡ್ ಸಲೀಸಾಗಿ ನುಗ್ಗುತ್ತದೆ, ಸ್ಟಾರ್ಲಿಂಗ್‌ನ ಭುಜ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸ್ಟಾರ್ಲಿಂಗ್ ಕಾಟ ಒಂದು ಡ್ರಿಲ್ ಬಿಟ್ಟಿನಲ್ಲಿ ಮುಗಿಯಿತು. ಗುಬ್ಬಿಯದು ಮುಗಿಯಲಿಲ್ಲ. ಬ್ರಿಟನ್‌ನಲ್ಲಿ ಗುಬ್ಬಿಗಳಿಗೆಂದೇ ಮಾಡುವ ಪೆಟ್ಟಿಗೆಯ ತೂತು 32 ಮಿಲಿಮೀಟರ್. ಅದರಲ್ಲೇ ನುಸುಳುವ ಹಕ್ಕಿಗೆ 38 ಅಂದರೆ ರಾಜಬೀದಿ. ಇನ್ನು, ಹಲಗೆ ಮುಕ್ಕಾಲು ಇಂಚು ದಪ್ಪದ ಸೀಡರ್ ಮರದ್ದು, ಒಳಗೆ ಬಣ್ಣ ಹೊಡೆಯುವಂತಿಲ್ಲ, ತಳದ ಮೂಲೆಗಳಲ್ಲಿ ನೀರು ಇಳಿಯಲು ತೂತು, ಮೇಲೆ ಗಾಳಿಯಾಡಲು ಸಂದು. ತೂತಿನ ಕೆಳಗೆ ಹಕ್ಕಿ ಕೂರಲೆಂದು ಕಡ್ಡಿ ಇರಬಾರದು. ಅಂಗಡಿಯ ಚೆಂದದ ಪೆಟ್ಟಿಗೆಗಳಲ್ಲಿ ಆ ಕಡ್ಡಿ ಇದ್ದೇ ಇರುತ್ತದೆ. ಬ್ಲೂಬರ್ಡ್‌ಗೆ ಅದು ಬೇಡ. ಗುಬ್ಬಿಗೆ ಮಾತ್ರ ಜಗಲಿ ಸಿಕ್ಕಿದಂತೆ.

ಇಷ್ಟನ್ನೆಲ್ಲ ಒಂದು ಚಳವಳಿ ಮಾಡಿದವರಲ್ಲಿ ಇಬ್ಬರ ಹೆಸರು ಅಜ್ಜನ ಬಾಯಲ್ಲಿ ಬರುತ್ತಲೇ ಇರುತ್ತದೆ. ಒಬ್ಬರು ಇಲಿನಾಯ್‌ನ ಕ್ವಿನ್ಸಿ ಊರಿನ ಟಿ. ಇ. ಮಸಲ್‌ಮನ್. 1930ರ ದಶಕದಲ್ಲಿ ಹಳ್ಳಿ ರಸ್ತೆಗಳ ಉದ್ದಕ್ಕೂ ಪೆಟ್ಟಿಗೆ ಸಾಲು ಹಾಕುತ್ತ ಹೋದವರು. ಇನ್ನೊಬ್ಬರು ನಮ್ಮ ಮೇರಿಲ್ಯಾಂಡ್‌ನವರೇ ಆದ ಲಾರೆನ್ಸ್ ಜೆಲೆನಿ. ಕೃಷಿ ಇಲಾಖೆಯಿಂದ ನಿವೃತ್ತರಾದ ಜೀವರಸಾಯನ ವಿಜ್ಞಾನಿ. ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ ಪೆಟ್ಟಿಗೆ ನಿಲ್ಲಿಸಿ ವರ್ಷಗಟ್ಟಲೆ ಲೆಕ್ಕ ಇಟ್ಟರು, 1978ರಲ್ಲಿ ನಾರ್ತ್ ಅಮೆರಿಕನ್ ಬ್ಲೂಬರ್ಡ್ ಸೊಸೈಟಿ ಕಟ್ಟಿದರು. ಕಾಡು ಉಳಿಸಲು ಸರ್ಕಾರ ಬೇಕು, ಕಾನೂನು ಬೇಕು; ಇದಕ್ಕೆ ಗರಗಸ ಹಿಡಿಯಲು ಬರುವ ನಿವೃತ್ತರು ಸಾಕಾಯಿತು. 1966ರಿಂದ ನಡೆಯುತ್ತಿರುವ ಬ್ರೀಡಿಂಗ್ ಬರ್ಡ್ ಸರ್ವೆಯಲ್ಲಿ, ಅಂದರೆ ಇಲ್ಲಿನ ಹಕ್ಕಿಗಳ ವಾರ್ಷಿಕ ಎಣಿಕೆಯಲ್ಲಿ, ಪೂರ್ವದ ಬ್ಲೂಬರ್ಡ್‌ನ (ನಮ್ಮ ಪೆಟ್ಟಿಗೆಗೆ ಬರುವುದು ಇದೇ) ಗೆರೆ ಮೇಲಕ್ಕೇ ಹತ್ತಿದೆ. ಪೆಟ್ಟಿಗೆಯೊಂದರಿಂದಲೇ ಅಂತಲ್ಲ, ಆದರೆ ಪೆಟ್ಟಿಗೆ ಇಲ್ಲದೆ ಅಲ್ಲ.

ಪೆಟ್ಟಿಗೆ ತೆರೆದಾಗ ಯಾರ ಮನೆ ಅಂತ ಹಾಸಿಗೆ ನೋಡಿಯೇ ಹೇಳಬಹುದು. ಅಜ್ಜ ಎರಡು ವಾರದಲ್ಲಿ ಕಲಿಸಿಬಿಟ್ಟರು. ಸಣ್ಣ ಹುಲ್ಲು ಇಲ್ಲವೇ ಪೈನ್ ಮರದ ಸೂಜಿಯೆಲೆಯ ಅಚ್ಚುಕಟ್ಟು ಬಟ್ಟಲಾದರೆ ಬ್ಲೂಬರ್ಡ್. ಹುಲ್ಲಿನ ಮೇಲೆ ಬಿಳಿ ಗರಿ ಹಾಸಿದ್ದರೆ ಟ್ರೀ ಸ್ವಾಲೋ, ನಮ್ಮ ಅಂಬರಗುಬ್ಬಿಯ ಬಳಗ. ಪಾಚಿ, ಅದರ ಮೇಲೆ ಮೊಲದ್ದೋ ನಾಯಿದ್ದೋ ತುಪ್ಪಟವಾದರೆ ಚಿಕಡೀ. ಬರೀ ಕಡ್ಡಿ ತುರುಕಿದ್ದರೆ ರೆನ್; ಅದು ತನಗೆ ಬೇಡದ ಪೆಟ್ಟಿಗೆಗೂ ಕಡ್ಡಿ ತುಂಬುತ್ತದೆ, ಪಕ್ಕದವರ ಮೊಟ್ಟೆಗೆ ಕೊಕ್ಕು ಹಾಕಿ ತೂತು ಮಾಡಿಯೂ ಹೋಗುತ್ತದೆ. ಅಷ್ಟು ಪುಟ್ಟ ಹಕ್ಕಿಗೆ ಅಷ್ಟು ಹೊಟ್ಟೆಕಿಚ್ಚು! ಇನ್ನು ಒರಟು ಹುಲ್ಲು, ಗರಿ, ಟಿಶ್ಯೂ ಚೂರು, ಪ್ಲಾಸ್ಟಿಕ್ ಎಳೆ ಎಲ್ಲ ಸೇರಿ ಚಾವಣಿವರೆಗೆ ತುಂಬಿಕೊಂಡಿದ್ದರೆ, ಗುಬ್ಬಿ.

ಆ ಮೊದಲ ವರ್ಷವೇ ಮೇ ತಿಂಗಳಲ್ಲಿ ಏಳನೇ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ್ದು ಅದು. ಏಳು ಮತ್ತು ಎಂಟು ಪಾರ್ಕಿನ ಕುದುರೆ ಲಾಯದ ಹತ್ತಿರ ಇದ್ದವು. ಅಜ್ಜ ಅವತ್ತು ಮುಂದಿನ ಸಾಲಿಗೆ ಹೋಗಿದ್ದರು. ಹಲಗೆ ತೆರೆದೆ. ಗೂಡಿನ ಮಧ್ಯೆ ಒಂದು ಸುರಂಗ, ಅದರ ಕೊನೆಗೆ ಬೂದು ಮಚ್ಚೆಯ ನಾಲ್ಕು ಮೊಟ್ಟೆ. ತಂತಿಯ ಮೇಲೆ ಕಪ್ಪು ಗಲ್ಲದ ಗಂಡು ಕೂತು ಚಿಲಿಪಿಲಿ ಅಂತ ನನ್ನನ್ನು ಬಯ್ಯುತ್ತಿತ್ತು. ಸಜ್ಜದ ಮೇಲೆ, ದೇವರ ಪಟದ ಹಿಂದೆ, ನಾನು ಹುಟ್ಟಿದಾಗಿನಿಂದ ಕೇಳಿದ ದನಿ. ಇಪ್ಪತ್ತು ವರ್ಷ ಹೊರದೇಶದಲ್ಲಿ ಇದ್ದವಳಿಗೆ ಆ ಬಯ್ಗುಳವೂ ಮಾತೃಭಾಷೆಯಂತೆ ಕೇಳಿಸಿತು. ಗುಬ್ಬಿ ಗೂಡು ಕಂಡರೆ ತೆಗೆಯಬೇಕು ಅಂತ ಅಜ್ಜ ಹೇಳಿದ್ದರು. ಕಾನೂನಿನ ತೊಡಕೂ ಇರಲಿಲ್ಲ: 1918ರ ವಲಸೆ ಹಕ್ಕಿಗಳ ಕಾಯ್ದೆ ಇಲ್ಲಿನ ಮೂಲದ ಹಕ್ಕಿಗಳ ಗೂಡು, ಮೊಟ್ಟೆಗೆ ರಕ್ಷಣೆ ಕೊಡುತ್ತದೆ, ಗುಬ್ಬಿ, ಸ್ಟಾರ್ಲಿಂಗ್ ಆ ಪಟ್ಟಿಯಲ್ಲಿಲ್ಲ. ಕೈ ಚಾಚಿದೆ. ಆಗಲಿಲ್ಲ. ಹಲಗೆ ಮುಚ್ಚಿ, ಸ್ಕ್ರೂ ತಿರುಗಿಸಿ, ನೋಟ್‌ಬುಕ್ಕಿನಲ್ಲಿ ಏಳರ ಎದುರಿಗೆ ‘ಖಾಲಿ’ ಅಂತ ಬರೆದೆ.

14ರಲ್ಲಿ ಒಂದು ತಾನೇ, ಇರಲಿ ಬಿಡು ಅಂದುಕೊಂಡೆ.

ಎರಡು ವಾರ ಕಳೆದು ಎಂಟನೇ ಪೆಟ್ಟಿಗೆ ತಟ್ಟಿದಾಗ ಯಾರೂ ಹಾರಿಹೋಗಲಿಲ್ಲ. ಕಾವಿಗೆ ಕೂತ ಹೆಣ್ಣು ಕೆಲವೊಮ್ಮೆ ಏಳುವುದಿಲ್ಲ, ಹಾಗೇ ಇರಬೇಕು ಅಂತ ಮೆಲ್ಲಗೆ ತೆರೆದೆ. ಕೂತೇ ಇತ್ತು. ರೆಕ್ಕೆ ಒಂದಿಷ್ಟು ಹರಡಿಕೊಂಡು, ಮೊಟ್ಟೆಗಳ ಮೇಲೆ. ನೆತ್ತಿಯಲ್ಲಿ ಗರಿ ಇರಲಿಲ್ಲ, ಚರ್ಮವೂ ಇರಲಿಲ್ಲ. ಬೆನ್ನಿನ ಮೇಲೆ ಆಗಲೇ ಏಳೆಂಟು ಎಳೆ ಹೊಸ ಒಣಹುಲ್ಲು ಬಿದ್ದಿತ್ತು. ಸತ್ತವಳ ಮೇಲೆಯೇ ಗುಬ್ಬಿ ತನ್ನ ಮನೆಗೆ ಪಾಯ ಹಾಕುತ್ತಿತ್ತು. ತೂತು ಒಂದೇ, ಗುಬ್ಬಿ ಒಳಗೆ ಬಂದರೆ ಒಳಗಿದ್ದವಳಿಗೆ ಹೊರದಾರಿ ಇಲ್ಲ. ಪೆಟ್ಟಿಗೆಯನ್ನು ಅಷ್ಟು ಭದ್ರವಾಗಿ ಮಾಡಿದ್ದವರು ನಾವೇ.

ಅಜ್ಜ ಬಂದು ನೋಡಿದರು. ಗ್ಲೌಸು ಹಾಕಿಕೊಂಡು ಎಲ್ಲ ತೆಗೆದು ಚೀಲಕ್ಕೆ ಹಾಕಿದರು. ನಾನು ಏಳನೆಯದರ ವಿಷಯ ಒಪ್ಪಿಕೊಂಡೆ. ಗೊತ್ತಿತ್ತು ಅಂದರು. ಮುಚ್ಚಿದ ಪೆಟ್ಟಿಗೆಯ ತೂತಿನಿಂದ ಒಂದು ಹುಲ್ಲಿನೆಳೆ ನೇತಾಡುತ್ತಿದ್ದುದನ್ನು ಅವರು ಅವತ್ತೇ ಕಂಡಿದ್ದರಂತೆ. ಹಾಗಾದರೆ ನೀವೇಕೆ ತೆಗೆಯಲಿಲ್ಲ ಅಂತ ಕೇಳಿದೆ. ಅದು ನಿನ್ನ ಸಾಲು, ಅಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಹೇಳಿಕೊಂಡರೆ ಹಗುರಾಗುತ್ತದೆ ಅಂದುಕೊಂಡಿದ್ದೆ.

“ಗುಬ್ಬಿ ಗೂಡು ಕೀಳೋದಾ? ಅಯ್ಯೋ, ಪಾಪ ಬರತ್ತೆ ಕಣೇ.”

“ಅಮ್ಮಾ, ಅದು ಇನ್ನೊಂದು ಹಕ್ಕೀನ ಸಾಯಿಸಿದೆ.”

“ಅದಕ್ಕೇನು ಗೊತ್ತು? ಅಲ್ಲೀಗೆ ತಗೊಂಡು ಹೋಗಿ ಬಿಟ್ಟೋರು ಯಾರು? ಗುಬ್ಬಕ್ಕನ ಕಥೆ ಹೇಳ್ದೆ ಒಂದು ತುತ್ತು ತಿಂತಿರ್ಲಿಲ್ಲ ನೀನು.”

ತಿನ್ನುತ್ತಿರಲಿಲ್ಲ, ನಿಜ. ಫೋನ್ ಇಟ್ಟ ಮೇಲೆ ಆ ಕಥೆಯನ್ನು ಮೊದಲಿಂದ ನೆನೆಸಿಕೊಂಡೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂತು, ಸಗಣಿ ಮನೆ ಕೊಚ್ಚಿಹೋಯಿತು. ನೆನೆದುಕೊಂಡು ಬಂದ ಕಾಗಕ್ಕ ಬಾಗಿಲು ತಟ್ಟಿದರೆ, ತಾಳು ಮಗುವಿಗೆ ಸ್ನಾನ ಮಾಡಿಸುತ್ತಿದ್ದೀನಿ, ತಾಳು ಬಟ್ಟೆ ಹಾಕುತ್ತಿದ್ದೀನಿ, ತಾಳು ಮಲಗಿಸುತ್ತಿದ್ದೀನಿ. ಐವತ್ತು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ: ಒಳಗೆ ಬೆಚ್ಚಗೆ ಕೂತು ಬಾಗಿಲು ತೆಗೆಯದೆ ಸತಾಯಿಸಿದವಳು ಗುಬ್ಬಕ್ಕನೇ.

ಆದರೂ ಅಮ್ಮನ ಪ್ರಶ್ನೆ ಅಲ್ಲೇ ಉಳಿಯಿತು. ಅವಳ ಬಾಲ್ಕನಿಯಲ್ಲೂ ಒಂದು ಪೆಟ್ಟಿಗೆ ಇದೆ. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನ ಅಂತ ಆಚರಿಸುತ್ತಾರಲ್ಲ, ಅಂಥ ಒಂದು ದಿನ ಯಾರೋ ಹಂಚಿಹೋದದ್ದು. ಎರಡು ವರ್ಷವಾದರೂ ಹಕ್ಕಿ ಬಂದಿಲ್ಲ. ಇಲ್ಲಿ ನಾನು ಗುಬ್ಬಿ ಬಾರದಿರಲಿ ಅಂತ, ಅಲ್ಲಿ ಅಮ್ಮ ಗುಬ್ಬಿ ಬರಲಿ ಅಂತ, ಹೆಚ್ಚು ಕಡಿಮೆ ಒಂದೇ ಅಳತೆಯ ಪೆಟ್ಟಿಗೆಯ ಮುಂದೆ ಕಾಯುತ್ತೇವೆ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಗುಬ್ಬಿ ದೇಶದಲ್ಲಿ ಒಟ್ಟಾರೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಂತಿದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ ಅಂದಿತು. ಬ್ರಿಟನ್‌ನಲ್ಲಿ 2002ರಿಂದ ಅದು ಕೆಂಪು ಪಟ್ಟಿಯಲ್ಲಿದೆ, ಅಂದರೆ ತೀರಾ ಆತಂಕದ ಸ್ಥಿತಿಯ ಹಕ್ಕಿಗಳ ಪಟ್ಟಿಯಲ್ಲಿ. ಇನ್ನೂ ವಿಚಿತ್ರವೆಂದರೆ, ಬ್ಲೂಬರ್ಡ್ ಏರಿದ ಅದೇ ಅಮೆರಿಕದ ಸರ್ವೆಯಲ್ಲಿ ಗುಬ್ಬಿಯ ಗೆರೆ ಇಳಿಯುತ್ತಲೇ ಬಂದಿದೆ. ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಅದು ತಂದು ಕೊಡುವುದು ಹುಳವನ್ನು. ಹುಳವೇ ಇಲ್ಲದ ಬೀದಿಯಲ್ಲಿ ಪೆಟ್ಟಿಗೆ ತೂಗುಹಾಕುವುದು, ಅಡುಗೆಮನೆ ಇಲ್ಲದ ಮನೆ ಬಾಡಿಗೆಗೆ ಕೊಟ್ಟಂತೆ. ಇದನ್ನು ಅಮ್ಮನಿಗೆ ಹೇಳಿದ ಮೇಲೆ ಅವಳು ಕುಂಡಗಳಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದಾಳೆ. ಗುಬ್ಬಿ ಬಂದಿಲ್ಲ. ದಾಸವಾಳಕ್ಕೆ ಬಿಳಿ ತಿಗಣೆ ಬಂದಿದೆ.

ಆ ಚಳಿಗಾಲದಲ್ಲಿ ಏಳು, ಎಂಟನ್ನು ಕಿತ್ತು ಲಾಯದಿಂದ ದೂರ, ಬಯಲ ನಡುವೆ ನೆಟ್ಟೆವು. ಮೊದಲೇ ಮಾಡಬೇಕಿತ್ತು. ಗುಬ್ಬಿ ಮನುಷ್ಯನ ಬೆನ್ನು ಬಿಡದ ಹಕ್ಕಿ. ಕಟ್ಟಡ, ಕುದುರೆಯ ಹುರುಳಿ, ಚೆಲ್ಲಿದ ಕಾಳು ಇರುವಲ್ಲಿ ಅದೂ ಇರುತ್ತದೆ. ಬಯಲಿಗೆ ಹೋದ ಮೇಲೆ ಕಾಟ ಮುಕ್ಕಾಲು ಪಾಲು ನಿಂತಿತು. ಅಲ್ಲಿ ಟ್ರೀ ಸ್ವಾಲೋಗಳು ಬಂದು ಜಾಗ ಹಿಡಿದವು. ಅದಕ್ಕೆ ಉಪಾಯ ಜೋಡಿ ಪೆಟ್ಟಿಗೆ. 15–20 ಅಡಿ ಅಂತರದಲ್ಲಿ ಎರಡು ನಿಲ್ಲಿಸಿದರೆ ಒಂದಕ್ಕೆ ಸ್ವಾಲೋ ಬರುತ್ತದೆ, ತನ್ನ ಜಾತಿಯ ಇನ್ನೊಂದು ಜೋಡಿಯನ್ನು ಪಕ್ಕಕ್ಕೆ ಬಿಟ್ಟುಕೊಳ್ಳುವುದಿಲ್ಲ, ಬ್ಲೂಬರ್ಡ್ ಬಂದರೆ ಸುಮ್ಮನಿರುತ್ತದೆ. ಬೇಡದ ನೆಂಟರನ್ನು ದೂರವಿಡಲು ಬೇರೆಯವರಿಗೆ ಬಾಡಿಗೆ ಕೊಡುವ ನಮ್ಮ ಜನರ ನೆನಪಾಯಿತು.

ಉಳಿದ ಕಾಲು ಪಾಲಿಗೆ ನಾನು ಏನು ಮಾಡುತ್ತೇನೆ ಅಂತಲೂ ಬರೆದುಬಿಡುತ್ತೇನೆ. ಗೂಡು ಕಿತ್ತುಹಾಕಿದರೆ ಗಂಡು ಗುಬ್ಬಿ ಸಿಟ್ಟಿಗೆದ್ದು ಪಕ್ಕದ ಪೆಟ್ಟಿಗೆಗೆ ನುಗ್ಗುವುದುಂಟು. ಹಾಗಾಗಿ ಮೊಟ್ಟೆ ಇಟ್ಟಿದ್ದರೆ ನಾನು ಸೂಜಿಯಿಂದ ಒಂದೊಂದಕ್ಕೂ ಕಣ್ಣಿಗೆ ಕಾಣದಷ್ಟು ತೂತು ಮಾಡಿ ಮತ್ತೆ ಅಲ್ಲೇ ಇಡುತ್ತೇನೆ. ಒಡೆಯದ ಮೊಟ್ಟೆಯ ಮೇಲೆ ಅದು ಕೂತೇ ಇರುತ್ತದೆ, ಜಗಳಕ್ಕೆ ಹೋಗುವುದಿಲ್ಲ. ಅಜ್ಜ ಬೋನು ಇಡುತ್ತಾರೆ. ಬೋನಿಗೆ ಬಿದ್ದದ್ದು ಏನಾಯಿತೆಂದು ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಸೂಜಿಯ ವಿಷಯ ಅಮ್ಮನಿಗೆ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನನ್ನ ತಪ್ಪು ಅದೊಂದೇ ಅಲ್ಲ. ಎರಡನೇ ವರ್ಷ, ಮೊಟ್ಟೆ ಒಡೆದ ದಿನವನ್ನು ತಪ್ಪಾಗಿ ಬರೆದುಕೊಂಡು, ಮರಿಗಳಿಗೆ ಹದಿನೈದು ದಿನವಾಗಿದ್ದಾಗ ಪೆಟ್ಟಿಗೆ ತೆರೆದೆ. ಹನ್ನೆರಡು ದಾಟಿದ ಮೇಲೆ ತೆರೆಯಬಾರದು. ಹಾರುವ ರೆಕ್ಕೆ ಇನ್ನೂ ಬಲಿತಿರುವುದಿಲ್ಲ, ಹಾರುವ ಧೈರ್ಯ ಮಾತ್ರ ಬಂದಿರುತ್ತದೆ. ಎರಡು ಮರಿ ಪುಟಕ್ಕನೆ ಹುಲ್ಲಿಗೆ ಹಾರಿದವು. ಮೊಣಕಾಲೂರಿ ಹುಡುಕಿ, ಅಂಗೈಯಲ್ಲಿ ಹಿಡಿದು ಒಳಗೆ ಬಿಟ್ಟು, ತೂತಿಗೆ ಕರ್ಚೀಫು ಅಡ್ಡ ಹಿಡಿದುಕೊಂಡು ಹತ್ತು ನಿಮಿಷ ನಿಂತೆ, ಒಳಗಿನ ಗಲಾಟೆ ಅಡಗುವವರೆಗೆ. ಅಂಗೈಯಲ್ಲಿ ಇದ್ದಾಗ ಅದರ ಎದೆಬಡಿತ ಒಂದೊಂದಾಗಿ ಕೇಳುವಂಥದ್ದಲ್ಲ, ಮಗ್ಗುಲಲ್ಲಿಟ್ಟ ಫೋನ್ ವೈಬ್ರೇಟ್ ಆದ ಹಾಗೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತ ನಾವೆಲ್ಲ ಕೇಳಿಕೊಂಡು ಬೆಳೆದವರು. ಸುಳ್ಳು. ಕಾಲು ಗಂಟೆಯಲ್ಲಿ ತಾಯಿ ಬಾಯಲ್ಲಿ ಹಸಿರು ಹುಳ ಹಿಡಿದು ಬಂದಳು.

ಹಾವಿನ ಕಥೆ ಇನ್ನೊಂದು ದಿನ ಹೇಳುತ್ತೇನೆ. ಕರಿ ಕೇರೆಯಂಥ ಹಾವು, ಆರಡಿ, ಮೂರನೇ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು, ಹೊಟ್ಟೆಯಲ್ಲಿ ಐದು ಗಂಟು. ಆಮೇಲೆ ಕಂಬಕ್ಕೆಲ್ಲ ಎರಡಡಿ ಉದ್ದದ ತಗಡಿನ ಕೊಳವೆ ತೊಡಿಸಿದ್ದೇವೆ.

ಕೆಲವರು ಮೇಲ್ ಮಾಡಿ, ನಮ್ಮ ಹಿತ್ತಲಲ್ಲೂ ಒಂದು ಪೆಟ್ಟಿಗೆ ಹಾಕಬೇಕು, ಎಲ್ಲಿ ಕೊಳ್ಳುವುದು ಅಂತ ಕೇಳುತ್ತಾರೆ. ವಾರಕ್ಕೊಮ್ಮೆ ತೆರೆದು ನೋಡುತ್ತೀರಾ ಅಂತ ತಿರುಗಿ ಕೇಳುತ್ತೇನೆ. ಇಲ್ಲ, ಸುಮ್ಮನೆ ತೂಗುಹಾಕೋದು ಅಂದರೆ, ದಯವಿಟ್ಟು ಬೇಡ ಅನ್ನುತ್ತೇನೆ. ಒರಟು ಮಾತು ಅನ್ನಿಸಬಹುದು. ಯಾರೂ ತೆರೆದು ನೋಡದ ಪೆಟ್ಟಿಗೆಯೊಳಗೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ, ನೋಡಿ ‘ಖಾಲಿ’ ಅಂತ ಬರೆದಿದ್ದೇನೆ. ಆ ಪುಟವನ್ನು ಹರಿದು ಹಾಕಿಲ್ಲ. ನಮ್ಮ ಲೆಕ್ಕವೆಲ್ಲ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದವರು ಗೂಡುಗಳ ಲೆಕ್ಕ ಕೂಡಿಡುವ ನೆಸ್ಟ್‌ವಾಚ್‌ಗೆ ಹೋಗುತ್ತದೆ. ಆ ವರ್ಷದ ಏಳನೆಯದನ್ನು ಆಮೇಲೆ ತಿದ್ದಿ ಕಳಿಸಿದೆ: ಗುಬ್ಬಿ, ನಾಲ್ಕು ಮೊಟ್ಟೆ.

ಈ ವರ್ಷ ಅಜ್ಜನಿಗೆ ಸೊಂಟದ ಆಪರೇಷನ್ ಆಗಿದೆ. 14 ಪೆಟ್ಟಿಗೆಯೂ ನನ್ನ ಸಾಲೇ. ಏಪ್ರಿಲ್ ಎರಡನೇ ಶನಿವಾರ ಎಂಟನೆಯದನ್ನು ತಟ್ಟಿದೆ. ಹೆಣ್ಣು ಹಾರಿ ಎದುರಿನ ಡಾಗ್‌ವುಡ್ ಮರದ ಮೇಲೆ ಕೂತಿತು. ಪೈನ್ ಸೂಜಿಯ ಬಟ್ಟಲು, ಒಂದು ಮೊಟ್ಟೆ. ಬಿಳಿ. ನೂರರಲ್ಲಿ ನಾಲ್ಕೈದು ಹೆಣ್ಣುಗಳು ನೀಲಿಯ ಬದಲು ಬಿಳಿ ಮೊಟ್ಟೆ ಇಡುತ್ತವೆ ಅಂತ ಓದಿದ್ದೆ, ಕಂಡದ್ದು ಮೊದಲ ಸಲ. ಮೊದಲ ಮೊಟ್ಟೆ ಬಿದ್ದ ಮೇಲೆ ಒಂದು ಕೆಲಸ ಇದೆ: ಪೆಟ್ಟಿಗೆಯ ಮೇಲೆ ಎರಡು ಕಡ್ಡಿ ನಿಲ್ಲಿಸಿ, ಅಡ್ಡದೊಂದು ಕಡ್ಡಿ ಕಟ್ಟಿ, ಅದಕ್ಕೆ ಮಿರಮಿರ ಹೊಳೆಯುವ ಮೈಲಾರ್ (ತೆಳು ಪ್ಲಾಸ್ಟಿಕ್ ಹಾಳೆ) ಪಟ್ಟಿಗಳನ್ನು ಚಾವಣಿಗೆ ತಾಗುವಷ್ಟು ಉದ್ದಕ್ಕೆ ಇಳಿಬಿಡುವುದು. ಗುಬ್ಬಿ ಅದಕ್ಕೆ ಹೆದರುತ್ತದೆ. ಮೊಟ್ಟೆ ಇಟ್ಟುಬಿಟ್ಟ ಬ್ಲೂಬರ್ಡ್ ಹೆದರಿದರೂ ವಾಪಸ್ ಬರುತ್ತದೆ. ಮುಂಚೆ ಕಟ್ಟಿದರೆ ಅದೂ ಓಡಿಹೋದೀತು.

ಕಟ್ಟುತ್ತಿದ್ದಾಗ ಅಮ್ಮನ ವಿಡಿಯೋ ಕಾಲ್ ಬಂತು. ಪಾರ್ಕಿನಲ್ಲಿ ಫೋನ್ ತೆಗೆಯುವುದಿಲ್ಲ ಅಂದೆನಲ್ಲ, ಅವತ್ತು ತೆಗೆದೆ. ಮೊಟ್ಟೆ ತೋರಿಸು ಅಂದಳು. ಮುಚ್ಚಾಯಿತು, ಇನ್ನು ಮುಂದಿನ ವಾರ ಅಂದೆ. ಹಾಗಾದರೆ ಪೆಟ್ಟಿಗೆಯನ್ನಾದರೂ ತೋರಿಸು ಅಂದಳು. ಗಾಳಿಗೆ ಪಟ್ಟಿಗಳು ಬಿಸಿಲನ್ನು ಎಲ್ಲ ಕಡೆ ಎರಚುತ್ತಿದ್ದವು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಅದೇನೇ ಅದು, ತೋರಣ ಕಟ್ಟಿದ್ದೀಯ?”

“ಗುಬ್ಬಿ ಬರಬಾರದು ಅಂತ.”

“ಓ,” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೃಹಪ್ರವೇಶಕ್ಕೆ ಕರೀಬೇಡ ಅಂದೋರ ಮನೇಲೇ ತೋರಣ ಜಾಸ್ತಿ ಇರತ್ತೆ ಬಿಡು” ಅಂತ ನಕ್ಕಳು. ಡಾಗ್‌ವುಡ್‌ನಿಂದ ಹೆಣ್ಣು ಒಮ್ಮೆ ಹಾರಿ ಬಂದು, ಪಟ್ಟಿ ಕಂಡು ತಿರುಗಿ, ಇನ್ನೊಮ್ಮೆ ಬಂದು, ತೂತಿನ ಅಂಚು ಹಿಡಿದುಕೊಂಡು ನಿಂತಿತು. ನಾನು ಫೋನಿನ ಸೌಂಡ್ ಕಡಿಮೆ ಮಾಡಿದೆ.